ಕುಂಟದ ಕುದುರೆಗೆ ಬರೆ

ನಮ್ಮ ಪಶುವೈದ್ಯ ಇಲಾಖೆಗೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕಾಫಿ ಕುಡಿದು, ಯಾವ ತಾಲ್ಲೂಕು ಹಗುರ, ಯಾವ ಮೇಲಧಿಕಾರಿ ಮುಂಗೋಪಿ, ಬಡ್ತಿಗೆ ಯಾರ ಕೈಕಾಲು ಹಿಡಿಯಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ, ನನ್ನನ್ನು ಕೇಳಬೇಡಿ. ನನಗೆ ಹೇಳಲಿಕ್ಕಿರುವುದು ಒಂದು ಹೆಣ್ಣು ಕುದುರೆಯ ವಿಚಾರ. ಮೋಟಾರು ಬಸ್ಸು ಓಡಾಡುವ ಈ ಕಾಲದಲ್ಲಿ ಕುದುರೆಯ ಮಾತು ಯಾರಿಗೆ ಬೇಕು ಎಂದು ಮೂಗು ಮುರಿಯುವವರು ಇಲ್ಲಿಗೇ ನಿಲ್ಲಿಸಬಹುದು. ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಆರಬಾರದು ಎಂದೇ ಬರೆಯುತ್ತಿದ್ದೇನೆ.

ಈ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳನ್ನು ಸೇರಿಸಿ ನನ್ನ ಕೊರಳಿಗೆ ಕಟ್ಟಿದ್ದರು. ಇಲಾಖೆ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಮೊಳಕಾಲ್ಮೂರಿನಲ್ಲಿ ಒಂದು ಹೆಂಚಿನ ಕೊಠಡಿ, ಪಕ್ಕದಲ್ಲಿ ಹುಲ್ಲು ಹೊದಿಸಿದ ಲಾಯ, ಒಂದು ಪೆಟ್ಟಿಗೆ ಔಷಧಿ, ಇಷ್ಟೇ ದವಾಖಾನೆ. ಮೇಲಿನಿಂದ ಬಂದಿದ್ದ ಮೊದಲ ಕಟ್ಟಪ್ಪಣೆಯೆಂದರೆ ಜನರಿಂದ ಬರೆ ಹಾಕುವುದನ್ನು ಬಿಡಿಸಬೇಕು ಎಂಬುದು. ಆ ಸೀಮೆಯಲ್ಲಿ ಎತ್ತು ಮೇವು ಬಿಟ್ಟರೆ ಬರೆ, ಹೊಟ್ಟೆ ಉಬ್ಬಿದರೆ ಬರೆ, ಕಾಲೆಳೆದರೆ ಬರೆ. ಕುಡುಗೋಲನ್ನು ಕೆಂಪಗೆ ಕಾಯಿಸಿ ಚರ್ಮದ ಮೇಲೆ ಎಳೆದುಬಿಡುತ್ತಿದ್ದರು. ತಳಕಿನ ಸಂತೆಯಲ್ಲಿ, ಸಿದ್ದಾಪುರದ ಬಂಡೆಗಳ ನಡುವಿನ ದನದ ಹಟ್ಟಿಗಳಲ್ಲಿ, ನಾನು ಗಂಟಲು ಹರಿಯುವಂತೆ ಕೂಗಿದ್ದೇನೆ. ಬರೆ ಹಾಕಿದವರಿಗೆ ಬೈದಿದ್ದೇನೆ, ಕೈ ಮುಗಿದಿದ್ದೇನೆ. ಜನ ನಿಧಾನವಾಗಿ ಕೇಳತೊಡಗಿದ್ದರು. ಇದನ್ನು ನೆನಪಿಟ್ಟುಕೊಂಡೇ ಮುಂದೆ ಓದಿ.

ನೀಲಿಯನ್ನು ನಾನು ಮೊದಲು ನೋಡಿದ್ದು ಸಿದ್ದಾಪುರದ ಪಾಲಯ್ಯನಾಯಕರ ಮನೆಯ ಲಾಯದಲ್ಲಿ. ನಾಯಕರದು ಆ ಊರಿನ ದೊಡ್ಡ ಮನೆತನ. ಮಗನ ಮದುವೆಯ ಮೆರವಣಿಗೆಗೆಂದು ಉತ್ತರದ ಕಡೆಯ ಕುದುರೆ ವ್ಯಾಪಾರಿಯಿಂದ ಆ ಹೆಣ್ಣು ಕುದುರೆಯನ್ನು ತಂದಿದ್ದರು. ಮೈ ಬೂದುಬಣ್ಣ, ಬಿಸಿಲಿಗೆ ನಿಲ್ಲಿಸಿದರೆ ನೀಲಿಯ ಛಾಯೆ ಹೊಡೆಯುತ್ತಿತ್ತು, ಅದಕ್ಕೇ ಆ ಹೆಸರು. ತಾಯಿ ಭೀಮಾ ತೀರದ್ದು, ತಂದೆ ಗುಜರಾತಿನ ಕಾಠೇವಾಡದ್ದು ಎಂದು ವ್ಯಾಪಾರಿ ಹೇಳಿದ್ದನಂತೆ. ಕುದುರೆ ವ್ಯಾಪಾರಿಯ ಮಾತನ್ನು ನಾನು ನಂಬುವವನಲ್ಲ. ಆದರೆ ಕಿವಿ ನೋಡಿದ ಮೇಲೆ ನಂಬಬೇಕಾಯಿತು. ಕಾಠೇವಾಡದ ತಳಿಯ ಕಿವಿ ಒಳಕ್ಕೆ ಬಾಗಿ, ನಿಮಿರಿದಾಗ ತುದಿಗೆ ತುದಿ ತಾಗುತ್ತದೆ. ಹಣೆ ಅಗಲ, ಮೂತಿ ಚಿಕ್ಕದು, ಕಾಲಿನ ಮೂಳೆ ತೆಳುವಾದರೂ ಗಟ್ಟಿ. ಭೀಮಾ ತೀರದ ಗಿಡ್ಡ ತಟ್ಟುಕುದುರೆಯಿಂದ ಅವಳಿಗೆ ಬಂದದ್ದು ಕಲ್ಲಿನಂಥ ಗೊರಸು ಮತ್ತು ಸಿಕ್ಕಿದ್ದನ್ನು ತಿಂದು ಬಿಸಿಲಲ್ಲಿ ದುಡಿಯುವ ತಾಕತ್ತು.

ಇಂಥ ತಳಿಯ ನಿಜವಾದ ಗುಣ ಇರುವುದು ನಡಿಗೆಯಲ್ಲಿ. ಸಾಧಾರಣ ಕುದುರೆ ಕುಕ್ಕುಲೋಟ ಹೊರಟರೆ ಬಲ ಮುಂಗಾಲಿನ ಜೊತೆ ಎಡ ಹಿಂಗಾಲು ಏಳುತ್ತದೆ. ಸವಾರನನ್ನು ಮೇಲಕ್ಕೆತ್ತಿ ಕುಕ್ಕುತ್ತದೆ. ಇವು ಹಾಗಲ್ಲ. ಒಂದೇ ಮಗ್ಗುಲಿನ ಹಿಂಗಾಲು ಮುಂಗಾಲು ಒಂದರ ಹಿಂದೊಂದು ಏಳುತ್ತವೆ, ಆಮೇಲೆ ಇನ್ನೊಂದು ಮಗ್ಗುಲು. ಬೆನ್ನು ಮೇಲೆ ಕೆಳಗೆ ಆಡುವುದೇ ಇಲ್ಲ, ತೊಟ್ಟಿಲಿನಂತೆ ಸ್ವಲ್ಪ ಪಕ್ಕಕ್ಕೆ ತೂಗುತ್ತದೆ, ಅಷ್ಟೆ. ಇದಕ್ಕೆ ರವಾಲು ನಡಿಗೆ ಎನ್ನುತ್ತಾರೆ. ನನ್ನ ತಂದೆ ಸಂಸ್ಥಾನದ ಕುದುರೆ ಪಡೆಯಲ್ಲಿದ್ದವರು. ರವಾಲು ಕುದುರೆಯ ಜೀನಿನ ಮೇಲೆ, ತಂದೆಯ ತೊಡೆಯಲ್ಲಿ ನಾನು ಎಷ್ಟೋ ಸಲ ನಿದ್ದೆ ಹೋಗಿದ್ದೆ. ಪಾಲಯ್ಯನಾಯಕರು ಬಂದ ನೆಂಟರಿಗೆಲ್ಲ ಒಂದು ಆಟ ತೋರಿಸುತ್ತಿದ್ದರು. ಗಿಂಡಿಯ ತುಂಬ ಮಜ್ಜಿಗೆ ಹಿಡಿದು ನೀಲಿಯನ್ನು ಹತ್ತಿ, ಕೆರೆ ಏರಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದು, ಅದೇ ಮಜ್ಜಿಗೆಯನ್ನು ನೆಂಟರಿಗೆ ಕುಡಿಯಲು ಕೊಡುತ್ತಿದ್ದರು. ಆ ಕಡೆಯಲ್ಲಿ ರವಾಲು ಕುದುರೆಯನ್ನು ಕೊಳ್ಳುವವರೂ ಹಾಗೇ ಪರೀಕ್ಷಿಸುತ್ತಿದ್ದರು.

ಆದರೆ ನಾನು ಹೋದಾಗ ನೀಲಿ ನಿಲ್ಲಲಾರದೆ ನಿಂತಿದ್ದಳು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿದ್ದಳು. ಗೊರಸು ಮುಟ್ಟಿದರೆ ಕಾದ ಹೆಂಚು. ಏನು ಹಾಕುತ್ತಿದ್ದೀರಿ ಎಂದು ಕೇಳಿದೆ. ನಾಯಕರ ಅವ್ವ ಹೆಮ್ಮೆಯಿಂದ ಹೇಳಿದರು: “ಏನು ಕಮ್ಮಿ ಮಾಡಿಲ್ಲಪ್ಪ. ದಿನಾ ಬೇಯಿಸಿದ ಹುರುಳಿಗೆ ಬೆಲ್ಲ, ತುಪ್ಪ ಕಲಸಿ ನಾನೇ ಕೈಯಾರೆ ಉಣ್ಣಿಸ್ತೀನಿ. ಹೊರಗೆ ಬಿಟ್ರೆ ದೃಷ್ಟಿ ಆಗ್ತೈತೆ ಅಂತ ಕಟ್ಟೇ ಇಟ್ಟೀವಿ.”

“ಅಜ್ಜಿ, ನೀವು ಇದನ್ನ ಮುದ್ದು ಮಾಡಿ ಕೊಲ್ತಾ ಇದ್ದೀರಿ” ಎಂದೆ. ನಡೆಸದೆ ಕಟ್ಟಿಹಾಕಿ ಹೀಗೆ ಉಣ್ಣಿಸಿದರೆ ಕುದುರೆಯ ಗೊರಸಿನೊಳಗೆ ಉರಿ ಏಳುತ್ತದೆ. ಮುದುಕಿ ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟರು. ಮಾತು ಬಿಟ್ಟರೂ ತುಪ್ಪ ನಿಲ್ಲಿಸಿದರು, ಅದು ದೊಡ್ಡತನ. ಕೆರೆಯ ಕೆಸರಿನಲ್ಲಿ ಕಾಲು ಅದ್ದಿ ನಿಲ್ಲಿಸಿ, ಒಣಹುಲ್ಲು ಮಾತ್ರ ಕೊಟ್ಟು, ಹಂತಹಂತವಾಗಿ ನಡೆಸಿ ಅವಳನ್ನು ಉಳಿಸಿಕೊಂಡೆವು.

ಕುದುರೆ ಸಾಕುವವರು ಇನ್ನೂ ಎಲ್ಲಾದರೂ ಇದ್ದರೆ ಕೇಳಿಸಿಕೊಳ್ಳಿ. ನಡೆಯದ ದಿನ ಕಾಳು ಕೊಡಬೇಡಿ. ಮೊದಲು ನೀರು ಕುಡಿಸಿ, ಆಮೇಲೆ ಹುರುಳಿ, ಅದನ್ನೂ ನೆನೆಸಿ, ಹೊಟ್ಟು ಬೆರೆಸಿ. ಬೆವರಿದ ಮೈಗೆ ತಣ್ಣೀರು ಸುರಿಯಬೇಡಿ, ಒಣಹುಲ್ಲಿನ ಸಿಂಬಿಯಿಂದ ತಿಕ್ಕಿ. ರವಾಲು ಕುದುರೆಯ ಬಾಯಿ ಬಹಳ ಸೂಕ್ಷ್ಮ, ಲಗಾಮನ್ನು ಜಗ್ಗಿದರೆ ನಡಿಗೆ ಕೆಟ್ಟಿತು ಎಂದೇ ತಿಳಿಯಿರಿ. ಮೇಲೆ ಕುಳಿತವರು ಸುಮ್ಮನೆ ಕೂರಬೇಕು. ಸಿಕ್ಕಸಿಕ್ಕವರನ್ನೆಲ್ಲ ಹತ್ತಿಸಬಾರದು. ಲಾಳ ಹಗುರವಾಗಿರಬೇಕು. ಮೊಳಕಾಲ್ಮೂರಿನಲ್ಲಿ ಲಾಳ ಕಟ್ಟುತ್ತಿದ್ದ ಇಮಾಮ್ ಸಾಬರು ನೀಲಿಗೆಂದೇ ತೆಳು ಲಾಳ ಬಡಿಯುತ್ತಿದ್ದರು. “ಡಾಕ್ಟರ್ ಸಾಬ್, ಇವಳ ಕಾಲಿಗೆ ಬೇರೆ ಕುದುರೆ ಲಾಳ ಹಾಕಿದ್ರೆ, ನಾಟ್ಯ ಆಡೋಳಿಗೆ ಗಾಡಿ ಚಕ್ರ ಕಟ್ಟಿದಂಗೆ ಆಗ್ತದೆ” ಎನ್ನುತ್ತಿದ್ದರು. ಚಳ್ಳಕೆರೆಯ ವಕೀಲರೊಬ್ಬರು ನೀಲಿಯನ್ನು ಕಂಡು ಆಸೆಪಟ್ಟು ಸಂತೆಯಲ್ಲಿ ಒಂದು ಗಂಡು ಕುದುರೆ ಕೊಂಡರು. ಅದು ಒಂದೇ ಮಗ್ಗುಲಿನ ಎರಡು ಕಾಲುಗಳಿಗೆ ಹಗ್ಗ ಬಿಗಿದು, ಹೊಡೆದು, ಬಲವಂತದಿಂದ ರವಾಲು ಕಲಿಸಿದ್ದ ಪ್ರಾಣಿ. ಹಗ್ಗ ಉಜ್ಜಿದ ಗಾಯವನ್ನು ವ್ಯಾಪಾರಿ ಮಸಿ ಬಳಿದು ಮುಚ್ಚಿದ್ದ. ನಿಜವಾದ ರವಾಲಿನಲ್ಲಿ ನಾಲ್ಕು ಗೊರಸಿನ ಸದ್ದು ಬೇರೆಬೇರೆಯಾಗಿ, ಸಮವಾಗಿ ಕೇಳಬೇಕು. ಅದರದ್ದು ಎರಡೇ ಸದ್ದು, ತಪ್ಪ್ ತಪ್ಪ್ ಎಂದು. ಕಣ್ಣು ಮುಚ್ಚಿ ಕೇಳಿದ್ದರೂ ಗೊತ್ತಾಗುತ್ತಿತ್ತು. ಕೇಳುವ ವ್ಯವಧಾನ ಯಾರಿಗಿತ್ತು?

ಇನ್ನು ತಿಪ್ಪಕ್ಕನ ವಿಚಾರ. ಆಕೆ ಮೊಳಕಾಲ್ಮೂರಿನ ಜನರ ಆಸ್ಪತ್ರೆಯ ಸೂಲಗಿತ್ತಿ. ಗಂಡನನ್ನು ಕಳೆದುಕೊಂಡ ಮೇಲೆ ಕೆಲಸ ಕಲಿತು ಸೇರಿದ್ದವಳು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಮನಸ್ಸು. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಒಮ್ಮೆ ಹೆರಿಗೆಗೆ ಹೋಗುವಾಗ ಹಳ್ಳದಲ್ಲಿ ಗಾಡಿ ಮಗುಚಿ ಆಕೆಯ ಸೊಂಟದ ಕೀಲು ಮುರಿದಿತ್ತು. ಕೂಡಿಕೊಂಡರೂ ಸರಿಯಾಗಿ ಕೂಡಲಿಲ್ಲ. ಕೋಲೂರಿಕೊಂಡು ಕುಂಟುತ್ತಲೇ ಊರೊಳಗೆ ಓಡಾಡುತ್ತಿದ್ದಳು. ಎತ್ತಿನಗಾಡಿಯಲ್ಲಿ ಕೂತರೆ ಮಾತ್ರ ಪ್ರಾಣ ಹೋಗುವಷ್ಟು ನೋವು. ಹಾಗಾಗಿ ದೂರದ ಹಟ್ಟಿಗಳಿಗೆ ಹೋಗುವುದು ನಿಂತೇಹೋಗಿತ್ತು. ಆ ಹಟ್ಟಿಗಳಲ್ಲಿ ಹೆರಿಗೆ ಆಗುತ್ತಿದ್ದುದು ಊರ ಹೊರಗಿನ ಗುಡ್ಲಿನಲ್ಲಿ, ಒಂಟಿ ಗುಡಿಸಲಿನಲ್ಲಿ. ಸೂತಕ ಮುಗಿಯುವ ತನಕ ಬಾಣಂತಿ ಒಳಗೆ ಬರುವಂತಿಲ್ಲ. ಮಗು ಅಡ್ಡ ಬಂದರೆ ಕೇಳುವವರಿಲ್ಲ.

ಪಾಲಯ್ಯನಾಯಕರ ಸೊಸೆಗೆ ನೋವು ಕಾಣಿಸಿಕೊಂಡು ಮಗು ಇಳಿಯದೆ ಹೋದಾಗ, ನಾಯಕರು ಆಳುಗಳ ಹೆಗಲ ಮೇಲೆ ಡೋಲಿ ಕಟ್ಟಿಸಿ ತಿಪ್ಪಕ್ಕನನ್ನು ಸಿದ್ದಾಪುರಕ್ಕೆ ಹೊರಿಸಿಕೊಂಡು ಹೋದರು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಮಡಿಲು ತುಂಬುವಾಗ ನಾಯಕರು ಏನು ಬೇಕೋ ಕೇಳು ಎಂದರಂತೆ.

“ಸೀರೆ ಬ್ಯಾಡ, ಬಂಗಾರ ಬ್ಯಾಡ. ಆ ನೀಲಿನ ಕೊಡ್ರಿ. ಕೂತ್ರೆ ಕುಲುಕಲ್ಲ ಅಂತಾರೆ. ನನ್ನ ಸೊಂಟ ತಡೀತೈತೇನೋ ನೋಡಾನ” ಎಂದಳಂತೆ ತಿಪ್ಪಕ್ಕ.

ನಾಯಕರು ಕೊಟ್ಟರು. ಹೆಂಗಸು ಕುದುರೆ ಹತ್ತುವುದೆಂದರೆ ಊರಿಗೆಲ್ಲ ತಮಾಷೆ. “ತಿಪ್ಪಕ್ಕ ದಂಡಿಗೆ ಹೊಂಟ್ಲು ಕಣ್ರಲೇ” ಎಂದು ರೇಷ್ಮೆ ನೇಯುವ ಮಗ್ಗದ ಮನೆಗಳಿಂದ ಗಂಡಸರು ಇಣುಕಿ ನಗುತ್ತಿದ್ದರು. ಆಕೆ ಕಚ್ಚೆ ಬಿಗಿದು ಕುಳಿತು, “ನಿಮ್ಮ ಹೆಂಡ್ರಿಗೆ ನೋವು ಬಂದಾಗ ನಗಿರಿ ನೋಡಾನ” ಎಂದು ಬಾಯಿ ಮುಚ್ಚಿಸಿದಳು. ಅವಳಿಗೆ ಸವಾರಿ ಕಲಿಸಿದವನು ನಾನು. ಕಲಿಸಲು ಹೆಚ್ಚೇನೂ ಇರಲಿಲ್ಲ, ಸುಮ್ಮನೆ ಕೂರು, ಬಾಯಿ ಜಗ್ಗಬೇಡ ಎಂದೆ, ಅಷ್ಟೇ. ಮೊದಲ ದಿನ ಕೆರೆಯ ತನಕ ಹೋಗಿ ಬಂದು ಇಳಿದವಳು ನೀಲಿಯ ಕುತ್ತಿಗೆಗೆ ಮುಖ ಒತ್ತಿ ಅತ್ತುಬಿಟ್ಟಳು. ಸೊಂಟ ಮುರಿದ ಮೇಲೆ ನೋವಿಲ್ಲದೆ ದಾರಿ ಸಾಗಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಜಟಿಂಗ ರಾಮೇಶ್ವರದ ಬೆಟ್ಟದ ಆಚೆಯ ಹಟ್ಟಿಗಳಿಂದಲೂ ಕರೆ ಬರತೊಡಗಿತು. ಆಳು ಓಡಿಬರುವುದು, ತಿಪ್ಪಕ್ಕ ಚೀಲ ಹೆಗಲಿಗೇರಿಸಿ ನೀಲಿಯನ್ನು ಹತ್ತುವುದು, ಗಾಡಿ ಅರ್ಧ ದಾರಿ ಹೋಗುವಷ್ಟರಲ್ಲಿ ಆಕೆ ಗುಡ್ಲು ಮುಟ್ಟುವುದು. ಎಷ್ಟು ಹೆಣ್ಣುಮಕ್ಕಳು ಉಳಿದರೋ ಲೆಕ್ಕ ಇಟ್ಟವರಿಲ್ಲ. ಆ ಕಡೆ ಹುಟ್ಟಿದ ಹೆಣ್ಣುಕೂಸುಗಳಿಗೆ ಜನ ನೀಲಮ್ಮ ಎಂದು ಹೆಸರಿಡುತ್ತಿದ್ದರು. ಒಂದು ಕುದುರೆಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು?

ಆಗ ಬಂದರು ನಮ್ಮ ಹೊಸ ಮೇಲಧಿಕಾರಿಗಳು.

ಅವರ ಹೆಸರು ಬೇಡ. ದಂಡಿನ ಲಾಯದಲ್ಲಿ ಕೆಲಸ ಕಲಿತು ಬಂದವರು. ಗರಿಗರಿ ಉಡುಪು, ಬೂಟಿನಲ್ಲಿ ಮುಖ ಕಾಣಬೇಕು. ಕೆಟ್ಟವರು ಎಂದು ಮಾತ್ರ ಹೇಳಲಾರೆ, ಅದೇ ನನ್ನ ಹೊಟ್ಟೆಯುರಿ. ಲಂಚ ಮುಟ್ಟುತ್ತಿರಲಿಲ್ಲ. ಮೂಕಪ್ರಾಣಿ ಎಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಗಾಯದ ಎತ್ತಿಗೆ ನೊಗ ಹೂಡಿದವನನ್ನು ಕಂಡರೆ ರಸ್ತೆಯಲ್ಲೇ ಹಿಡಿದು ಕಾನೂನು ಓದುತ್ತಿದ್ದರು. ಲಂಚಕೋರನಾದರೆ ನಾಲ್ಕು ಮಂದಿ ಸೇರಿ ತಡೆಯಬಹುದು. ತಾನು ಪುಣ್ಯ ಮಾಡುತ್ತಿದ್ದೇನೆ ಎಂದುಕೊಂಡವನನ್ನು ತಡೆಯುವುದು ಹೇಗೆ?

ಅವರು ತನಿಖೆಗೆ ಬಂದ ಬೆಳಿಗ್ಗೆ ದವಾಖಾನೆಯ ಮುಂದೆ ನಾವಿಬ್ಬರೂ ನಿಂತಿದ್ದೆವು. ತಿಪ್ಪಕ್ಕ ನೀಲಿಯ ಮೇಲೆ ಬಂದಳು. ಮುಂದೆ ಮಾರಣ್ಣನೆಂಬ ಹಟ್ಟಿಯ ಹುಡುಗ ಓಡುತ್ತಿದ್ದ. ಅವನ ಹೆಂಡತಿಗೆ ಬೆಟ್ಟದ ಆಚೆ ಚೊಚ್ಚಲ ಹೆರಿಗೆ, ಮಗುವಿನ ಕೈ ಮೊದಲು ಹೊರಬಂದಿತ್ತು. ಸಾಹೇಬರು ನೀಲಿಯ ಹಿಂಭಾಗ ಪಕ್ಕಕ್ಕೆ ತೂಗುವುದನ್ನು ನೋಡಿ ಕೈ ಅಡ್ಡ ಹಿಡಿದರು.

“ಇಳಿಯಮ್ಮ ಕೆಳಗೆ. ಕುಂಟು ಕುದುರೆಯ ಮೇಲೆ ಸವಾರಿ ಮಾಡುತ್ತಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?”

“ಕುಂಟಾ? ಕುಂಟಿ ನಾನು ಸ್ವಾಮಿ, ಇದಲ್ಲ” ಎಂದಳು ತಿಪ್ಪಕ್ಕ. “ಬಿಡ್ರಿ, ಹೊತ್ತಿಲ್ಲ. ಕೂಸು ಅಡ್ಡ ಐತೆ.”

ನಾನು ನಡುವೆ ಹೋದೆ. ಇದು ರವಾಲು, ತಳಿಯ ಗುಣ ಎಂದೆ. ಕುಂಟು ಕುದುರೆ ಪ್ರತಿ ಹೆಜ್ಜೆಗೂ ತಲೆ ಎತ್ತಿ ಹಾಕುತ್ತದೆ, ಇವಳ ತಲೆ ನೋಡಿ ಎಂದೆ. ಗೊರಸಿನ ಸದ್ದು ಕೇಳಿ, ಎಲ್ಲಾದರೂ ಏರುಪೇರಿದೆಯೇ ಎಂದೆ. ಇಕ್ಕಳ ತಂದು ನಾಲ್ಕು ಗೊರಸನ್ನೂ ಅವರೆದುರಿಗೇ ಒತ್ತಿ ತೋರಿಸಿದೆ, ನೀಲಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ಸಾಹೇಬರು ತಮ್ಮ ಆಳಿನ ಕೈಯಲ್ಲಿ ಅವಳನ್ನು ಹಿಡಿಸಿ ಕುಕ್ಕುಲೋಟ ಓಡಿಸಲು ಹೇಳಿದರು. ಅವಳು ಓಡಿದ್ದು ತನಗೆ ಬಂದ ನಡಿಗೆಯಲ್ಲೇ.

“ನೋಡಿದಿರಾ? ಕುಕ್ಕುಲೋಟ ಬರುತ್ತಲೇ ಇಲ್ಲ. ಹಿಂಗಾಲಿನ ಎರಡೂ ಕೀಲು ಕೆಟ್ಟಿದೆ.”

“ಸ್ವಾಮಿ, ಒಂದು ಸಲ ತಾವೇ ಹತ್ತಿ ನೋಡಿ” ಎಂದೆ. ಮಜ್ಜಿಗೆಯ ಗಿಂಡಿ ತರಿಸುತ್ತೇನೆ, ತೊಟ್ಟು ಚೆಲ್ಲಿದರೆ ನನ್ನ ಕೆಲಸ ತೆಗೆಯಿರಿ ಎಂದೂ ಹೇಳಿದೆ.

ಅವರು ನನ್ನನ್ನು ಅಸಹ್ಯದಿಂದ ನೋಡಿದರು. “ಕುಂಟು ಪ್ರಾಣಿಯನ್ನು ಹತ್ತುವುದು ಕ್ರೌರ್ಯ. ಪಶುವೈದ್ಯನಾಗಿ ನೀವು ನನಗೆ ಆ ಮಾತು ಹೇಳುತ್ತಿದ್ದೀರಿ.”

ಹೇಗಿದೆ ನೋಡಿ! ಹತ್ತಿದರೆ ಮಾತ್ರ ಗೊತ್ತಾಗುವ ವಿಚಾರ, ಹತ್ತುವುದು ಪಾಪ. ಇಂಥ ಬುದ್ಧಿಯ ಮುಂದೆ ಬಂಡೆಗೆ ತಲೆ ಚಚ್ಚಿಕೊಂಡಂತೆ ಆಯಿತು. ಕಾನೂನಿನ ಪ್ರಕಾರ ಕುದುರೆಯನ್ನು ವಶಕ್ಕೆ ತೆಗೆದುಕೊಂಡಿದ್ದೇನೆ, ಚಿಕಿತ್ಸೆ ಮುಗಿಯುವವರೆಗೆ ದವಾಖಾನೆಯ ಲಾಯದಲ್ಲಿರಲಿ ಎಂದು ಅಪ್ಪಣೆಯಾಯಿತು. ಮಾರಣ್ಣ ಸಾಹೇಬರ ಬೂಟು ಹಿಡಿದುಕೊಂಡ. “ಇವತ್ತೊಂದು ದಿನ ಬಿಡ್ರಿ ಸ್ವಾಮಿ, ನಾಳೆ ನಾನೇ ತಂದು ಕಟ್ತೀನಿ” ಎಂದ. ಸಾಹೇಬರು ಮೆತ್ತಗೆ ಅವನನ್ನು ಎಬ್ಬಿಸಿ, “ಗಾಡಿ ಮಾಡಿಕೊಂಡು ಹೋಗಪ್ಪ” ಎಂದರು. ನನ್ನ ಸ್ವಂತ ಕುದುರೆಯನ್ನು ಕೊಡೋಣವೆಂದರೆ ಅದು ಕುಕ್ಕುವ ಕುದುರೆ, ತಿಪ್ಪಕ್ಕನ ಸೊಂಟ ಊರ ಬಾಗಿಲು ದಾಟುವಷ್ಟೂ ತಡೆಯದು. ಆದರೂ ಹತ್ತಿದಳು. ಕೆರೆಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳು. ಆಮೇಲೆ ಡೋಲಿ ಹೊರುವವರು ಸಿಗದೆ, ಗಾಡಿ ಹುಡುಕಿ, ಹುಲ್ಲು ಹಾಸಿ, ಅದರ ಮೇಲೆ ಮಲಗಿಸಿ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಆಕೆ ನೋವಿಗೆ ಸೆರಗು ಕಚ್ಚಿಕೊಂಡಿದ್ದಳಂತೆ.

ತಲುಪಿದಾಗ ಗುಡ್ಲಿನಲ್ಲಿ ಮಾರಣ್ಣನ ಹೆಂಡತಿ ಸತ್ತಿದ್ದಳು. ಮೈ ಇನ್ನೂ ಬೆಚ್ಚಗಿತ್ತು ಎಂದು ತಿಪ್ಪಕ್ಕ ನನಗೆ ಹೇಳಿದಳು. “ಸ್ವಲ್ಪ ಮುಂಚೆ ಹೋಗಿದ್ರೆ ಸಾಕಿತ್ತು ಡಾಕ್ಟ್ರೇ. ಕೈ ಒಳಕ್ಕೆ ತಳ್ಳಿ ಕೂಸು ತಿರುಗಿಸ್ತಿದ್ದೆ. ಎಷ್ಟು ಸಲ ತಿರುಗಿಸಿಲ್ಲ ನಾನು?” ಎಂದು ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದಳು.

ನಾನು ನೇರವಾಗಿ ಪ್ರವಾಸಿ ಬಂಗಲೆಗೆ ಹೋಗಿ ಸಾಹೇಬರಿಗೆ ಹೇಳಿದೆ. ತಮ್ಮಿಂದ ಒಂದು ಜೀವ ಹೋಯಿತು ಎಂದು ಅದೇ ಮಾತಿನಲ್ಲಿ ಹೇಳಿದೆ. ಅವರು ಊಟದ ತಟ್ಟೆಯಿಂದ ಕೈ ತೆಗೆದರು, ಮುಖ ನಿಜವಾಗಿಯೂ ಬಾಡಿತು. “ಪಾಪ. ಆದರೆ ಮನುಷ್ಯರ ಹೆರಿಗೆ ನಮ್ಮ ಇಲಾಖೆಗೆ ಸೇರಿದ್ದಲ್ಲವಲ್ಲ” ಎಂದರು. ಆಮೇಲೆ ಅದೇ ಉಸಿರಿನಲ್ಲಿ, ನಾಳೆ ಕುದುರೆಯ ಹಿಂಗಾಲಿನ ಕೀಲುಗಳಿಗೆ ಬರೆ ಹಾಕಬೇಕು, ಸಿದ್ಧ ಮಾಡಿ ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬರೆ! ಹಟ್ಟಿಹಟ್ಟಿ ತಿರುಗಿ ಯಾವುದನ್ನು ಬಿಡಿಸಿ ಎಂದು ಇವರ ಇಲಾಖೆಯೇ ಕಳಿಸಿತ್ತೋ ಆ ಬರೆ!

“ಸ್ವಾಮಿ, ಊರಿನವರಿಗೆ ಬೇಡ ಅನ್ನುತ್ತಿದ್ದೇವಲ್ಲ?”

“ಅವರದು ಮೌಢ್ಯ. ಇದು ಶಾಸ್ತ್ರ. ನಮ್ಮ ಕಬ್ಬಿಣದ ಸಲಾಕೆಯೇ ಬೇರೆ.”

“ಕಾಲು ಗಟ್ಟಿಯಾಗಿದೆ. ಗಟ್ಟಿ ಕಾಲನ್ನು ಸುಡಲಿಕ್ಕೆ ನನ್ನ ಕೈ ಬರುವುದಿಲ್ಲ.”

“ಇದು ಅಪ್ಪಣೆ.”

“ಆದರೂ ಬರುವುದಿಲ್ಲ” ಎಂದೆ. ಸರ್ಕಾರಿ ಚಾಕರಿಯಲ್ಲಿ ನಾನು ಆಡಿದ ಒಳ್ಳೆಯ ಮಾತುಗಳಲ್ಲಿ ಅದೊಂದು. ಅದರಿಂದ ನೀಲಿಗೆ ಏನೂ ಪ್ರಯೋಜನವಾಗಲಿಲ್ಲ. ತಳಕಿನ ಕಡೆ ದನಗಳಿಗೆ ಕಾಲುಬಾಯಿ ಜ್ವರ ಬಂದಿದೆ, ಈಗಲೇ ಹೊರಡಿ ಎಂದು ನನ್ನನ್ನು ಅಟ್ಟಿದರು. ಜ್ವರ ನಿಜವಾಗಿ ಬಂದಿತ್ತು, ಹೋಗದೆ ಇರುವಂತಿರಲಿಲ್ಲ. ಇಮಾಮ್ ಸಾಬರನ್ನು ಕರೆಸಿ ಕುಲುಮೆ ಹೊತ್ತಿಸು ಎಂದರಂತೆ. “ಹುಜೂರ್, ಜ್ವರ ಬಂದೈತೆ” ಎಂದು ಆ ಮನುಷ್ಯ ಕಂಬಳಿ ಹೊದ್ದು ಮಲಗಿಬಿಟ್ಟರಂತೆ. ಕೊನೆಗೆ ಸಾಹೇಬರ ಜೊತೆ ಬಂದಿದ್ದ ಆಳುಗಳೇ ನೀಲಿಯನ್ನು ಹಗ್ಗ ಹಾಕಿ ಕೆಡವಿ, ಸಾಹೇಬರು ಸ್ವತಃ ಸಲಾಕೆ ಹಿಡಿದು, ಎರಡು ಹಿಂಗಾಲಿಗೂ ಗೆರೆಗೆರೆಯಾಗಿ ಬರೆ ಎಳೆದರು. ಎಳೆಯುವಾಗ ಅವರ ಕಣ್ಣಲ್ಲಿ ನೀರಿತ್ತು ಎಂದು ಕಂಡವರು ಹೇಳಿದರು. ಇರಲಿ, ಆ ನೀರನ್ನು ಏನು ಮಾಡಲಿ? ಅದರಿಂದ ಸುಟ್ಟ ಗಾಯ ತೊಳೆಯಲೇ?

ನಾನು ತಳಕಿನಿಂದ ಬಂದಾಗ ಸಾಹೇಬರು ಬೇರೆ ಊರಿಗೆ ಹೊರಟುಹೋಗಿದ್ದರು. ಲಾಯದಲ್ಲಿ ತಿಪ್ಪಕ್ಕ ನೀಲಿಯ ಕಾಲ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಕೀಲು ಬಾತು ಕುಂಬಳಕಾಯಿಯಷ್ಟಾಗಿತ್ತು, ಬರೆ ಕೀವು ಕಟ್ಟಿತ್ತು. ಸಿದ್ದಾಪುರದಿಂದ ಪಾಲಯ್ಯನಾಯಕರು ಬಂದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ.

“ಏನು ಡಾಕ್ಟ್ರೇ, ನಾವು ಬರೆ ಹಾಕಿದ್ರೆ ರಾಕ್ಷಸರು ಅಂತಿದ್ರಿ” ಎಂದರು. “ನಾವು ಕಾಯಿಲೆ ಬಂದ ದನಕ್ಕೆ ಹಾಕ್ತಿದ್ವಿ ಕಣ್ರಿ. ನೀವು ಚೆನ್ನಾಗಿರೋದಕ್ಕೇ ಹಾಕಿದ್ರಲ್ಲ.”

ಅದನ್ನು ಹಾಕಿದ್ದು ನಾನಲ್ಲ ಎಂದು ಹೇಳಬಹುದಿತ್ತು. ಆದರೆ ಅವರ ಪಾಲಿಗೆ ಇಲಾಖೆ ಎಂದರೆ ನಾನೇ. ಅಲ್ಲಿಂದ ಮುಂದೆ ಆ ಹೋಬಳಿಯಲ್ಲಿ ಬರೆಯ ವಿರುದ್ಧ ನಾನು ಆಡಿದ ಒಂದು ಮಾತೂ ನಡೆಯಲಿಲ್ಲ. ಹಟ್ಟಿಗೆ ಕಾಲಿಟ್ಟರೆ ಸಾಕು, “ನೀಲಿ ಹೆಂಗೈತ್ರೀ?” ಎಂದು ಕೇಳಿ ಕುಡುಗೋಲು ಕಾಯಿಸಲು ಹೋಗುತ್ತಿದ್ದರು.

ಗಾಯವೇನೋ ಮಾಯಿತು. ಬೇವು, ಅರಿಶಿನ, ನಮ್ಮ ಪೆಟ್ಟಿಗೆಯ ಔಷಧಿ, ಎಲ್ಲವನ್ನೂ ಹಚ್ಚಿದೆ. ಇಮಾಮ್ ಸಾಬರು ಇನ್ನೂ ತೆಳುವಾದ ಲಾಳ ಬಡಿದು ಕಟ್ಟಿದರು. ಆದರೆ ಸುಟ್ಟ ಚರ್ಮ ಬಿಗಿದುಕೊಂಡು ಕೀಲು ಮಡಿಚದಾಯಿತು. ಹಿಂಗಾಲು ನೆಲದ ಮೇಲೆ ಎಳೆಯತೊಡಗಿತು. ಪ್ರತಿ ಹೆಜ್ಜೆಗೂ ತಲೆ ಎದ್ದು ಬೀಳುತ್ತಿತ್ತು. ಆ ಸಮವಾದ ನಾಲ್ಕು ಸದ್ದು ಹೋಯಿತು. ಈಗ ಅವಳು ಯಾರು ನೋಡಿದರೂ ಒಪ್ಪುವಂಥ ಕುಂಟು ಕುದುರೆ. ತಿಪ್ಪಕ್ಕ ಅವಳನ್ನು ಮತ್ತೆ ಹತ್ತಲಿಲ್ಲ, ಮಾರಲೂ ಇಲ್ಲ. ಕರೆ ಬಂದರೆ ಚೀಲವನ್ನು ನೀಲಿಯ ಬೆನ್ನಿಗೆ ಹಾಕಿ, ತಾನು ಕೋಲೂರಿಕೊಂಡು ಪಕ್ಕದಲ್ಲಿ ನಡೆದೇ ಹೊರಡುತ್ತಿದ್ದಳು. ಹೀಗೆ ನಡೆದು ಮುಟ್ಟುವಷ್ಟರಲ್ಲಿ ಕೆಲವು ಕಡೆ ಕೂಸು ಹುಟ್ಟಿರುತ್ತಿತ್ತು, ಕೆಲವು ಕಡೆ ಅಳು ಕೇಳಿಸುತ್ತಿತ್ತು.

ನಾನು ಮೇಲಕ್ಕೆ ದೂರು ಕೊಟ್ಟೆ. ದೂರಿನ ವಿಚಾರಣೆಗೆ ಬಂದವರು ಯಾರು ಗೊತ್ತೇ? ಅವರೇ. ಮರುವರ್ಷದ ತನಿಖೆಯ ಜೊತೆಗೇ ಅದನ್ನೂ ಮುಗಿಸಿಬಿಡೋಣ ಎಂದು ಬಂದಿದ್ದರು. ನನ್ನನ್ನು ಕರೆದುಕೊಂಡು ಸಿದ್ದಾಪುರದ ಕಡೆ ಹೊರಟರು. ಇಬ್ಬರೂ ಕುದುರೆಯ ಮೇಲೆ. ಅವರ ಎತ್ತರದ ಕುದುರೆ ದಂಡಿನ ಶಿಸ್ತಿನಲ್ಲಿ ಕುಕ್ಕುತ್ತಿತ್ತು, ಅವರು ಏಳುತ್ತಾ ಬೀಳುತ್ತಾ ಬರುತ್ತಿದ್ದರು. ಎರಡು ಬಂಡೆಗಳ ನಡುವೆ ದಾರಿ ಕಿರಿದಾಗುವ ಕಡೆ ಎದುರಿಗೆ ತಿಪ್ಪಕ್ಕ ಬಂದಳು. ಪಕ್ಕದಲ್ಲಿ ನೀಲಿ, ಬೆನ್ನ ಮೇಲೆ ಚೀಲ. ಇಬ್ಬರೂ ಕಾಲೆಳೆಯುತ್ತಿದ್ದರು.

ಸಾಹೇಬರು ಕುದುರೆ ನಿಲ್ಲಿಸಿದರು. ನೀಲಿಯ ಹೆಜ್ಜೆಯನ್ನು ನೋಡಿ ನನ್ನತ್ತ ತಿರುಗಿ, “ಈಗಾದರೂ ಒಪ್ಪುತ್ತೀರಾ? ನಾನು ಅಂದೇ ಹೇಳಿರಲಿಲ್ಲವೇ ಕುಂಟು ಎಂದು?” ಎಂದರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಮನಸಾರೆ ಹಾಗೆಯೇ ನಂಬಿದ್ದರು. ನನ್ನ ದೂರಿನ ವಿಚಾರಣೆ ಅಲ್ಲಿಗೆ ಮುಗಿಯಿತು.

ಆಮೇಲೆ ಅವರು ತಿಪ್ಪಕ್ಕನ ಕಡೆ ನೋಡಿ ಟೋಪಿ ತೆಗೆದರು. “ಸಂತೋಷವಮ್ಮ. ಈಗ ಪ್ರಾಣಿಯ ಮೇಲೆ ಕೂರದೆ ನಡೆದು ಹೋಗುತ್ತಿದ್ದೀಯ. ಎಲ್ಲರಿಗೂ ಇಂಥ ಕನಿಕರ ಇದ್ದರೆ ಎಷ್ಟು ಚೆನ್ನ” ಎಂದರು.

ತಿಪ್ಪಕ್ಕ ಅವರನ್ನು ತಲೆಯಿಂದ ಬೂಟಿನವರೆಗೆ ನೋಡಿದಳು. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡೆ. ಹಾಕಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಅವಳಿಗೆ ಅದಕ್ಕೂ ಪುರುಸೊತ್ತಿರಲಿಲ್ಲ.

“ಅಲ್ಲೊಬ್ಬಳು ನನಗೋಸ್ಕರ ಜೀವ ಹಿಡ್ಕಂಡು ಮಲಗವ್ಳೆ ಸ್ವಾಮಿ” ಎಂದಳು. “ದಾರಿ ಬಿಡ್ರಿ.”